ನಾನು ಕಲಿಸಿದ ಕಿಟ್ಟಣ್ಣನ ಶುಗರ್ ಟೆಸ್ಟು

ನಮ್ಮ ಬೆಕ್ಕು ಕಿಟ್ಟಣ್ಣನಿಗೆ ಸಕ್ಕರೆ ಕಾಯಿಲೆ ಇದೆಯೆಂದು ಮೊದಲು ಪತ್ತೆ ಹಚ್ಚಿದ್ದು ಇರುವೆಗಳು. ಅವನು ಹಿತ್ತಲಲ್ಲಿ ಉಚ್ಚೆ ಹೊಯ್ದ ಜಾಗಕ್ಕೆ ಅವು ಊಟಕ್ಕೆ ಕರೆ ಬಂದವರಂತೆ ಸಾಲುಗಟ್ಟಿ ಬರುತ್ತಿದ್ದವು. ನಮ್ಮೂರು ಮೂಡುಬಿದಿರೆಯ ಪಶುವೈದ್ಯರು ಇರುವೆಗಳ ಅಭಿಪ್ರಾಯವನ್ನು ಅನುಮೋದಿಸಿದರು. ದಿನಕ್ಕೆ ಎರಡು ಹೊತ್ತು ಇನ್ಸುಲಿನ್, ಅದಕ್ಕೆ ಮೊದಲು ಕಿವಿಯ ಅಂಚಿಗೆ ಚುಚ್ಚಿ ಒಂದು ಹನಿ ರಕ್ತದ ಪರೀಕ್ಷೆ. ಪರೀಕ್ಷೆ ಮಾಡುವ ಪುಟ್ಟ ಮೆಷಿನನ್ನು ದುಬೈಯಲ್ಲಿದ್ದ ನನ್ನ ಭಾವ ತಂದುಕೊಟ್ಟ. "ಪುಚ್ಚೆಗೂ ಶುಗರಾ ಮಾರಾಯ್ರೆ?" ಎಂದು ಬಸ್ ಸ್ಟ್ಯಾಂಡಿನಲ್ಲಿ ಜನ ನನ್ನನ್ನು ನಿಲ್ಲಿಸಿ ಕೇಳತೊಡಗಿದರು.

ಆಮೇಲೆ ಒಂದು ವರ್ಷ ನನ್ನ ಹೆಂಡತಿ ಸುಲೋಚನೆ ಮನೆ ಬಿಟ್ಟು ಎಲ್ಲೂ ಉಳಿಯಲಿಲ್ಲ. ಗೃಹಪ್ರವೇಶ, ಸೀಮಂತ, ಸತ್ತವರ ಬೊಜ್ಜ ಎಲ್ಲಕ್ಕೂ ನಾನೊಬ್ಬನೇ ಹೋಗಿ ಇಬ್ಬರ ಪಾಲನ್ನೂ ಉಂಡು ಬರುತ್ತಿದ್ದೆ. ಆದರೆ ಅವಳ ತಂಗಿಯ ಮಗಳ ಮದುವೆ ಬಂಟ್ವಾಳದಲ್ಲಿ ನಿಶ್ಚಯವಾದಾಗ ಸುಲೋಚನೆ ಅಡುಗೆಮನೆಯಲ್ಲಿ ಕೂತು ಕಣ್ಣೊರೆಸಿಕೊಂಡಳು.

"ನಾನು ಎತ್ತಿ ಆಡಿಸಿದ ಹುಡುಗಿ. ಹೋಗದೆ ಆಗುದಿಲ್ಲ. ಹೋದ್ರೆ ಇವನ ಗತಿ ಎಂತ?"

ಪಕ್ಕದ ಮನೆಯ ಜೊಹರಾ ನೆರವಿಗೆ ಬಂದಳು. ಗಂಡ ದಮಾಮ್‌ನಲ್ಲಿ, ಮಕ್ಕಳು ಕಾಲೇಜಿನಲ್ಲಿ. ಅವಳು ಮೀನು ಕೊಯ್ಯುವ ಹೊತ್ತಿಗೆ ಕಿಟ್ಟಣ್ಣ ಅವಳ ಹಿಂಬಾಗಿಲಲ್ಲಿ ತಪ್ಪದೆ ಹಾಜರಿ ಹಾಕುತ್ತಿದ್ದ.

"ನಾನು ನೋಡ್ಕೊಳ್ತೇನೆ ಸುಲೋಚನಕ್ಕ. ಇನ್ಸುಲಿನ್ ಕೊಡುದು ನೀವು ಕೊಡುವಾಗ ನೋಡಿ ಗೊತ್ತುಂಟು. ಆ ಕಿವಿ ಚುಚ್ಚುವುದೊಂದು ಹೇಳಿಕೊಡಿ, ಸಾಕು."

ಸುಲೋಚನೆ ಸೆರಗು ಸಿಕ್ಕಿಸಿಕೊಂಡು ಎದ್ದಳು. ನಾನು ಕೈ ಅಡ್ಡ ಹಿಡಿದೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನು ಮನೆಯಲ್ಲೇ ಇರುವಾಗ ಬೇರೆಯವರಿಗೆ ಯಾಕೆ ತೊಂದರೆ? ವರ್ಷವಿಡೀ ಕಿಟ್ಟಣ್ಣನಿಗೆ ಚುಚ್ಚಿದವಳು ಅವಳು, ನಿಜ. ನಾನು ಬಾಗಿಲಲ್ಲಿ ನಿಂತು ನೋಡಿದ್ದೇನೆ, ಅದೂ ನಿಜ. ಆದರೆ ಚುಚ್ಚುವ ವಿದ್ಯೆ ಬೇರೆ, ಕಲಿಸುವ ವಿದ್ಯೆ ಬೇರೆ.

"ಒಮ್ಮೆ ನಾನು ಮಾಡಿ ತೋರಿಸುತ್ತೇನೆ" ಎಂದು ಜೊಹರಾಳನ್ನು ಬೆಂಚಿನಲ್ಲಿ ಕೂರಿಸಿದೆ. "ನಾನು ಮಾಡಿದ ಹಾಗೆಯೇ ಮಾಡಬೇಕು. ಒಂದನ್ನೂ ಬಿಡಬಾರದು, ತಿಳಿಯಿತಾ?"

ಬೆಕ್ಕನ್ನು ಹಿಡಿಯಲು ಹೋದೆ. ಅದು ನನ್ನ ಮುಖ ನೋಡಿ ಮಂಚದಡಿಗೆ ಸೇರಿತು. ಹಿಂಜರಿಯದೆ ನನ್ನ ಬೆರಳನ್ನೇ ವಿಜ್ಞಾನಕ್ಕೆ ಅರ್ಪಿಸಿದೆ. ಚುಚ್ಚುವ ಪೆನ್ನಿನಲ್ಲಿ ಎಷ್ಟು ಆಳ ಎಂದು ತಿರುಗಿಸುವ ಒಂದು ಬಿರಡೆ ಇತ್ತು. ಆಗ ಅದು ಏನೆಂದು ತಿಳಿಯದೆ ಕೊನೆಯವರೆಗೆ ತಿರುಗಿಸಿದೆ. ಟಕ್! ಒಂದು ಹನಿ ಬೇಕಾಗಿತ್ತು, ಧಾರೆಯೇ ಬಂತು. ಮೆಷಿನು ಸಂಖ್ಯೆ ತೋರಿಸಿತು, ನನ್ನ ಪಂಚೆಯ ಮೇಲೆ ನಕ್ಷೆ ಬಿತ್ತು. ನಾನು ಕೂಗಿದ್ದು ಕೇಳಿ ಸುಲೋಚನೆ ಅಡುಗೆಮನೆಯಿಂದ ಓಡಿ ಬಂದು, ರಕ್ತ ನಿಲ್ಲಲೆಂದು ಒಂದು ಚಿಟಿಕೆ ಸಕ್ಕರೆಯನ್ನು ಬೆರಳಿಗೆ ಒತ್ತಿ ಹಿಡಿದಳು. ಅವಳ ತಾಯಿ ಮನೆಯ ಮದ್ದು ಅದು, ಎಲ್ಲ ಗಾಯಕ್ಕೂ ಅದೇ.

ಜೊಹರಾ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.

"ಮಾಷ್ಟ್ರೇ, ನನಗೆ ಒಂದು ಡೌಟು..."

"ಪ್ರಶ್ನೆಗಳೆಲ್ಲ ಕಡೆಗೆ" ಎಂದೆ. ಆ 'ಕಡೆಗೆ' ಬರಲೇ ಇಲ್ಲ. ಬೆರಳು ಉರಿಯುತ್ತಿತ್ತು, ನಾನು ಒಳಗೆ ಹೋಗಿ ಮಲಗಿದೆ.

ಮದುವೆಯ ಮುನ್ನಾದಿನ ಮಧ್ಯಾಹ್ನ ನಾವು ಬಂಟ್ವಾಳಕ್ಕೆ ಹೊರಟೆವು. ಸಂಜೆ ಜೊಹರಾ ಫೋನು ಮಾಡಿದಳು. ಸಂಖ್ಯೆ ಎಂದಿನಂತೆಯೇ, ಇನ್ಸುಲಿನ್ ಕೊಟ್ಟಾಯಿತು, ಕಿಟ್ಟಣ್ಣ ಊಟ ಮಾಡಿದ. ಸುಲೋಚನೆಯ ಮುಖ ಅರಳಿತು. "ಕಲಿಸಿದವರು ಯಾರು?" ಎಂದು ನಾನು ಚಪ್ಪರದಲ್ಲಿ ನಾಲ್ಕು ಜನಕ್ಕೆ ಕೇಳುವಂತೆ ಹೇಳಿದೆ.

ಮಾರನೆಯ ಬೆಳಿಗ್ಗೆ ಧಾರೆಯ ಮುಹೂರ್ತ ಹತ್ತಿರವಾಗಿತ್ತು. ಅಕ್ಷತೆ ಕೈಗೆ ಬಂದಿತ್ತು. ಆಗ ನನ್ನ ಮೊಬೈಲು ಬಡಿದುಕೊಂಡಿತು.

"ಮಾಷ್ಟ್ರೇ, ಐನೂರ ಮೂವತ್ತು ತೋರಿಸ್ತಾ ಉಂಟು" ಎಂದಳು ಜೊಹರಾ. "ಎಂತ ಮಾಡುದು?"

ಇನ್ನೂರು ದಾಟದ ಬೆಕ್ಕಿಗೆ ಐನೂರ ಮೂವತ್ತು! ಒಂದು ಕ್ಷಣ ಯೋಚಿಸಿದೆ. ಅಷ್ಟು ಯೋಚಿಸಿದ್ದೇ ತಪ್ಪಾಯಿತು. ಸಕ್ಕರೆ ಎರಡು ಪಾಲಿಗಿಂತ ಹೆಚ್ಚು, ಹಾಗಾದರೆ ಮದ್ದೂ ಎರಡು ಪಾಲು. ಶುದ್ಧ ಗಣಿತ.

"ಡಬಲ್ ಕೊಡು" ಎಂದು ಅಪ್ಪಣೆ ಕೊಟ್ಟು ಫೋನು ಇಟ್ಟೆ. ನನ್ನ ಸಮಯಪ್ರಜ್ಞೆಗೆ ಒಂದು ಮೆಚ್ಚುಗೆ ಸಿಗಲಿ ಎಂದು ಪಶುವೈದ್ಯರಿಗೂ ಫೋನು ಮಾಡಿದೆ. ಮೆಚ್ಚುಗೆ ಸಿಗಲಿಲ್ಲ.

"ಡಬಲ್ಲಾ? ಶುಗರ್ ಪೂರಾ ಇಳಿದು ಬೆಕ್ಕು ಸತ್ತೇ ಹೋದೀತು ಮಾರಾಯ್ರೆ. ಹಾಗೆ ಹೇಳಿದ್ದು ಯಾರು?"

"ಯಾರೋ ಹೇಳಿದ್ದು ಡಾಕ್ಟ್ರೇ" ಎಂದೆ.

ಮನೆಗೆ ಫೋನು ಮಾಡಿದೆ. ಗಂಟೆ ಹೊಡೆಯಿತು, ಯಾರೂ ಎತ್ತಲಿಲ್ಲ. ಮತ್ತೆ ಮಾಡಿದೆ. ಎತ್ತಲಿಲ್ಲ. ನನ್ನ ಮುಖ ನೋಡಿಯೇ ಸುಲೋಚನೆಗೆ ಅರ್ಥವಾಯಿತು. ಅವಳು ಒಮ್ಮೆ ಮಂಟಪದ ಕಡೆಗೆ ನೋಡಿದಳು, ಮದುಮಗಳು ಆಗಷ್ಟೇ ಬಂದು ಕೂತಿದ್ದಳು. "ಹೋಗುವ" ಎಂದಳು. ಆ ಒಂದು ಮಾತು ನನಗೆ ನೂರು ಬೈಗುಳಕ್ಕಿಂತ ಜೋರಾಗಿ ತಾಗಿತು.

ಬಾಡಿಗೆ ಕಾರು ಹಿಡಿದು ಸಿದ್ಧಕಟ್ಟೆ ದಾರಿಯಲ್ಲಿ ಹೊರಟೆವು. ಮೊಬೈಲಿಗೆ ಸಿಗ್ನಲ್ ಇಲ್ಲ. ಸುಲೋಚನೆ ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದಳು. ನಾನು ನಾಸ್ತಿಕ ಎಂದು ಶಾಲೆಯಲ್ಲಿ ಹೆಸರಾಗಿದ್ದವನು. ಮೂಡುಬಿದಿರೆ ಮುಟ್ಟುವ ಹೊತ್ತಿಗೆ ಗೊತ್ತಿದ್ದ ದೇವರು, ದೈವ, ಬಸದಿ, ದರ್ಗಾ ಎಲ್ಲಕ್ಕೂ ಹರಕೆ ಹೇಳಿ ಮುಗಿಸಿದ್ದೆ.

ಮನೆಯೊಳಗೆ ನುಗ್ಗಿದರೆ ಜೊಹರಾ ಸ್ಟೂಲಿನ ಮೇಲೆ ನಿಂತಿದ್ದಳು.

"ಡಬಲ್ ಕೊಟ್ಟೆಯಾ?" ಎಂದೆ.

"ಕೊಟ್ಟೆ ಮಾಷ್ಟ್ರೇ."

ಸುಲೋಚನೆ ಕಿಟ್ಟಣ್ಣನನ್ನು ಹುಡುಕಿ ಮಂಚದಡಿಗೆ ಬಗ್ಗಿದಳು.

"ಕೊಟ್ಟೆ, ಆದ್ರೆ ಇವ ಹಾರಿದ. ಮದ್ದು ಪೂರಾ ನಿಮ್ಮ ಈಜಿ ಚೇರಿಗೆ ಹೋಯ್ತು. ಆಗದಿಂದ ಕಪಾಟಿನ ಮೇಲೆ ಕೂತಿದ್ದಾನೆ. ಫೋನು ಬಡ್ಕೊಳ್ತಾ ಇತ್ತು, ನಾನು ಇಳಿದ್ರೆ ಇವ ಅಟ್ಟಕ್ಕೆ ಓಡ್ತಾನೆ ಅಂತ ಇಳಿಲಿಲ್ಲ."

ಕಪಾಟಿನ ಮೇಲೆ ಕಿಟ್ಟಣ್ಣ ಆಕಳಿಸಿದ. ಇನ್ಸುಲಿನ್ ಕುಡಿದಿದ್ದ ಆ ಈಜಿ ಚೇರಿನಲ್ಲೇ ನಾನು ಕುಸಿದು ಕೂತೆ. ಜನ್ಮದಲ್ಲಿ ಅಷ್ಟು ಸಮಾಧಾನ ನನಗೆ ಆಗಿರಲಿಲ್ಲ. ಆಗ ಗೊತ್ತಾಯಿತು, ಬಂಟ್ವಾಳದ ಅಕ್ಷತೆ ಇನ್ನೂ ನನ್ನ ಮುಷ್ಟಿಯಲ್ಲೇ ಇತ್ತು. ಸುಲೋಚನೆ ಬೆಕ್ಕನ್ನು ಇಳಿಸಿ ಮಡಿಲಲ್ಲಿ ಹಾಕಿಕೊಂಡು ಅತ್ತಳು. ನಾನು ಅಕ್ಷತೆಯನ್ನು ಅವರಿಬ್ಬರ ಮೇಲೆ ಹಾಕಿದೆ.

ಆದರೆ ಐನೂರ ಮೂವತ್ತು? ಸುಲೋಚನೆಯ ಮಡಿಲಲ್ಲೇ ಜೊಹರಾ ಚುಚ್ಚಿದ ಕಿವಿಗೇ ನಾನು ಮತ್ತೊಮ್ಮೆ ಚುಚ್ಚಿ ನೋಡಿದೆ. ಐನೂರರ ಮೇಲೆಯೇ! ಫೋನಿಗೆ ಕೈ ಹಾಕುವಷ್ಟರಲ್ಲಿ ಜೊಹರಾ ಅಡುಗೆಮನೆಯಿಂದ ಒಂದು ಡಬ್ಬ ತಂದು, ಒಂದು ಚಿಟಿಕೆ ತೆಗೆದು, ಬಹಳ ಮಮತೆಯಿಂದ ಕಿಟ್ಟಣ್ಣನ ಕಿವಿಗೆ ಒತ್ತಲು ಬಗ್ಗಿದಳು.

"ಅದೆಂತದು?" ಎಂದಳು ಸುಲೋಚನೆ.

"ಸಕ್ಕರೆ. ಚುಚ್ಚಿದ ಮೇಲೆ ಹಚ್ಚುದಲ್ವಾ? ನಿನ್ನೆ ಸಂಜೆಯೂ ಹಚ್ಚಿದ್ದೇನೆ. ಮಾಷ್ಟ್ರು ತೋರಿಸಿದ ಹಾಗೆಯೇ, ಒಂದೂ ಬಿಡಲಿಲ್ಲ."

ಸುಲೋಚನೆ ಬೆಕ್ಕಿನ ಮುಖವನ್ನು ಬೆಳಕಿಗೆ ತಿರುಗಿಸಿದಳು. ಒಂದು ಇರುವೆ ಕಿಟ್ಟಣ್ಣನ ಕಿವಿಯ ಅಂಚಿನಲ್ಲಿ ಆರಾಮವಾಗಿ ಓಡಾಡುತ್ತಿತ್ತು. ಈ ಸಲವೂ ಮೊದಲು ಪತ್ತೆ ಹಚ್ಚಿದ್ದು ಇರುವೆಯೇ.

"ಶುಗರ್ ಇರುವವನಿಗೆ ಸಕ್ಕರೆ ಆಗ್ತದಾ ಅಂತ ನನಗೆ ಡೌಟು ಇತ್ತು" ಎಂದಳು ಜೊಹರಾ ಮೆಲ್ಲಗೆ. "ಕೇಳಲಿಕ್ಕೆ ಹೋದೆ. ಪ್ರಶ್ನೆ ಕಡೆಗೆ ಅಂದ್ರಲ್ಲ ಮಾಷ್ಟ್ರು."

ಸುಲೋಚನೆ ಒದ್ದೆ ಬಟ್ಟೆಯಲ್ಲಿ ಎರಡೂ ಕಿವಿ ಒರೆಸಿ, ಒಣಗಿಸಿ, ಮತ್ತೊಂದು ಕಿವಿಗೆ ಚುಚ್ಚಿದಳು. ನೂರ ಅರವತ್ತು. ಅವಳು ನಕ್ಕಳು, ಜೊಹರಾ ನಕ್ಕಳು. ನಾನೂ ನಗಲು ನೋಡಿದೆ. ನನ್ನ ಸರದಿ ಇನ್ನೂ ಬಂದಿಲ್ಲ ಎಂದು ಇಬ್ಬರ ಮುಖದಲ್ಲೂ ಬರೆದಿತ್ತು.

ಮುಂದಿನ ವಾರ ಮದುಮಕ್ಕಳ ಔತಣಕ್ಕೆ ಮತ್ತೆ ಬಂಟ್ವಾಳಕ್ಕೆ ಹೋಗಬೇಕಿತ್ತು. ಈ ಸಲ ಪಾಠವನ್ನು ಸುಲೋಚನೆಯೇ ಮಾಡಿದಳು. ಕಾಲು ಗಂಟೆಯಲ್ಲಿ ಮುಗಿಯಿತು, ಯಾರ ರಕ್ತವೂ ಹರಿಯಲಿಲ್ಲ. ನಾನು ಹೊರಗೆ ಜಗಲಿಯಲ್ಲಿ ಕೂತಿದ್ದೆ. ಹೊರಡುವಾಗ ಜೊಹರಾ ಗೇಟಿನವರೆಗೆ ಬಂದು, ನನಗೆ ಕೇಳಿಸುವುದಿಲ್ಲ ಎಂದುಕೊಂಡು ಹೇಳಿದಳು.

"ಕಿಟ್ಟಣ್ಣನನ್ನು ನಾನು ನೋಡ್ಕೊಳ್ತೇನೆ ಸುಲೋಚನಕ್ಕ, ನೀವು ಹೆದರ್ಬೇಡಿ. ಅಲ್ಲಿ ಮಾಷ್ಟ್ರ ಮೊಬೈಲನ್ನು ಮಾತ್ರ ನೀವು ನೋಡ್ಕೊಳ್ಳಿ."