ಕೊಳಾಯಿಗೊಂದು ಮೈಕು

ನಮ್ಮೂರಿನ ನೀರಿನ ತೊಂದರೆ ನೀಗಿಸಲು ಹೆಚ್ಚು ನೀರೇನೂ ಬೇಕಾಗಿಲ್ಲ, ಸ್ವಲ್ಪ ಬುದ್ಧಿ ಸಾಕು ಎಂದು ನನಗೆ ಹೊಳೆದದ್ದು ನಾನು ಪಂಚಾಯ್ತಿ ಮೆಂಬರಾದ ಹೊಸದರಲ್ಲಿ. ಎಪ್ಪತ್ತರ ದಶಕದ ಮಾತು. ಬುದ್ಧಿ ನನ್ನಲ್ಲಿ ಧಾರಾಳವಾಗಿದೆ ಎಂಬ ನಂಬಿಕೆಯೂ ಆಗ ಇತ್ತು.

ಊರು ದೊಡ್ಡಬಳ್ಳಾಪುರದ ಸೀಮೆಯದು. ಮನೆಮನೆಯಲ್ಲೂ ಕರೆಂಟಿನ ಮಗ್ಗ. ಹಜಾರದಲ್ಲಿ ಮಗ್ಗ, ಅದರ ಪಕ್ಕದಲ್ಲೇ ಅಡುಗೆ, ಊಟ, ತೊಟ್ಟಿಲು. ಖಟಖಟ ಸದ್ದು ಎಷ್ಟಿತ್ತೆಂದರೆ, ಗಂಡ ಹೆಂಡತಿ ನೆಮ್ಮದಿಯಾಗಿ ಜಗಳವಾಡಬೇಕಾದರೂ ಕರೆಂಟು ಹೋಗುವುದನ್ನೇ ಕಾಯಬೇಕಿತ್ತು.

ನೀರು ಬಿಡುತ್ತಿದ್ದವನು ಮುನಿಯಪ್ಪ. ಮೋಟಾರು ಓಡಿ ಟ್ಯಾಂಕು ತುಂಬಿದ ಮೇಲೆ ಒಂದೊಂದೇ ಬೀದಿಯ ವಾಲ್ವು ತಿರುಗಿಸಿ, ಕಿಟಕಿ ಕಿಟಕಿಗೂ ಮುಖವಿಟ್ಟು, "ನೀರ್ ಬಿಟ್ಟಿವ್ನಿ, ಬನ್ರವ್ವೋ!" ಎಂದು ಕೂಗುತ್ತಿದ್ದ. ಮೊದಲು ಯಾವ ಬೀದಿ ಎಂಬುದು ಅವತ್ತು ಅವನಿಗೆ ಕಾಫಿ ಎಲ್ಲಿ ಸಿಕ್ಕಿತು ಎಂಬುದನ್ನು ಅವಲಂಬಿಸಿತ್ತು.

"ಆಧುನಿಕ ಭಾರತದಲ್ಲಿ ಇದು ನಡೆಯಕೂಡದು!" ಎಂದು ಸಭೆಯಲ್ಲಿ ಗುಡುಗಿದೆ. ಅಂಕಿ-ಅಂಶ ಸಂಗ್ರಹಿಸಬೇಕು. ಯಾವ ಬೀದಿಗೆ ಯಾವಾಗ ಬೇಕೋ ಆಗ ನೀರು ಬಿಡಬೇಕು. ಪಂಚಾಯ್ತಿ ಮಾಳಿಗೆಗೆ ಮೈಕು ಕಟ್ಟಿ, ಜನರಿಗೆ ಗೌರವದಿಂದ ತಿಳಿಸಬೇಕು. ಸಭೆ ಒಪ್ಪಿತು. ಊಟದ ಹೊತ್ತಾಗಿತ್ತು.

ಅಂಕಿ-ಅಂಶಕ್ಕೆ ನಾನೇ ಹೊರಟೆ.

"ತಾಯೀ, ನಿಮಗೆ ನೀರು ಯಾವಾಗ ಬೇಕು?"

"ಪಕ್ಕದ್ಮನೆಯೋರಿಗಿಂತ ಮುಂಚೆ."

ಪಕ್ಕದ ಮನೆಗೆ ಹೋದೆ. ಅಲ್ಲೂ ಅದೇ ಉತ್ತರ. ಊರೆಲ್ಲ ಸುತ್ತಿದರೂ ಅದೇ ಉತ್ತರ! ಇಷ್ಟು ಸ್ಪಷ್ಟವಾದ ಅಂಕಿ-ಅಂಶ ಇಡೀ ಜಿಲ್ಲೆಯಲ್ಲಿ ಯಾರಿಗೂ ಸಿಕ್ಕಿರಲಾರದು.

ಮೈಕು ಬಂತು. ಮುನಿಯಪ್ಪನಿಗೆ ಇನ್ನು ಕೂಗಕೂಡದೆಂದು ಅಪ್ಪಣೆಯಾಯಿತು. ಮೊದಲ ದಿನ ಗಂಟಲು ಸರಿಮಾಡಿಕೊಂಡು, "ಮಹಾಜನಗಳೇ, ಮೇಗಲ ಬೀದಿಗೆ ನೀರು ಬಿಡಲಾಗಿದೆ" ಎಂದು ಸಾರಿದೆ. ಒಂದು ಬಿಂದಿಗೆಯೂ ಅಲ್ಲಾಡಲಿಲ್ಲ.

"ಮಗ್ಗದ್ ಸದ್ದಲ್ಲಿ ಯಾರ್ಗೂ ಕೇಳಿಲ್ಲ ಸ್ವಾಮಿ," ಎಂದ ಮುನಿಯಪ್ಪ.

ಮಾರನೆಯ ದಿನ ಕರೆಂಟು ಹೋಯಿತು. ಮಗ್ಗಗಳು ನಿಂತವು. ಇದೇ ಸಮಯವೆಂದು ಮೈಕು ಹಿಡಿದೆ. ಮೈಕೂ ನಿಂತಿತ್ತು! ಬಸ್ಸಿನ ಬ್ಯಾಟರಿ ತರಿಸಿ ಜೋಡಿಸಿದೆ. ಮತ್ತೊಮ್ಮೆ ಕರೆಂಟು ಹೋದಾಗ ನನ್ನ ಧ್ವನಿ ಊರೆಲ್ಲ ಮೊಳಗಿತು. ಹೆಂಗಸರು ಬಿಂದಿಗೆ ಹಿಡಿದು ಓಡಿಬಂದರು. ಕೊಳಾಯಿ ಮಾತ್ರ ಬುಸ್ಸೆಂದಿತು.

"ಟ್ಯಾಂಕ್ ತುಂಬ್ಸೋ ಮೋಟ್ರೂ ಕರೆಂಟಲ್ಲೇ ಓಡೋದಲ್ವಾ ಸ್ವಾಮಿ?" ಎಂದ ಮುನಿಯಪ್ಪ, ಬಹಳ ವಿನಯದಿಂದ.

ಇಷ್ಟರಲ್ಲಿ ಮನೆಯಲ್ಲಿ ಇನ್ನೊಂದು ವಿಷಯ ಕೂಡಿಬಂತು. ಮಗಳು ಲಲಿತಳನ್ನು ನೋಡಲು ದಾಬಸ್‌ಪೇಟೆ ಕಡೆಯ ಗಂಡಿನವರು ಭಾನುವಾರ ಬರುವವರಿದ್ದರು. ಹಿಂದೆ ಬಂದ ಸಂಬಂಧಗಳು ತಪ್ಪಿಹೋಗಿ, ನನ್ನ ಹೆಂಡತಿ ಸಾವಿತ್ರಿ ಈ ಸಲವಾದರೂ ಕೂಡಲಿ ಎಂದು ಕಂಡ ದೇವರಿಗೆಲ್ಲ ಹರಕೆ ಹೊತ್ತಿದ್ದಳು.

"ರೀ, ಭಾನುವಾರ ಒಂದಿನ ಆ ಮೈಕು ಬಿಟ್ಬಿಡಿ. ಮುನಿಯಪ್ಪನೇ ಬಂದು ಕೂಗ್ಲಿ. ಮನೇಲಿ ಹನಿ ನೀರಿಲ್ದೆ ಗಂಡಿನವರ ಮುಂದೆ ನಿಲ್ಲೋಕಾಗಲ್ಲ."

"ಹುಚ್ಚಿ! ಹೆಣ್ಣಿನ ಅಪ್ಪ ಎಂಥೋನು ಅಂತ ಅವರೂ ನೋಡ್ಲಿ."

ನೋಡಿದರು.

ಭಾನುವಾರಕ್ಕೆ ನನ್ನ ಯೋಜನೆ ಪಕ್ಕಾ ಆಗಿತ್ತು. ಕರೆಂಟು ಇರುವಾಗಲೇ, ನಾನು ಬಾವುಟ ಬೀಸಿದ ತಕ್ಷಣ ಎಲ್ಲರೂ ಮಗ್ಗ ನಿಲ್ಲಿಸಬೇಕು. ಎದುರುಮನೆಯ ನರಸಿಂಹಣ್ಣ ತಲೆ ಕೆರೆದುಕೊಂಡ. "ಮೆಂಬರ್ರೇ, ಮಗ್ಗ ನಿಂತ್ರೆ ಮನೇಲಿ ಕೂಸು..."

"ದೇಶದ ಕೆಲಸಕ್ಕೆ ಕೂಸಿನ ನೆಪ ಹೇಳ್ತೀಯೇನಪ್ಪಾ?" ಎಂದು ಅವನ ಬಾಯಿ ಮುಚ್ಚಿಸಿದೆ.

ಬಾವುಟ ಬೀಸಿದೆ. ಮಗ್ಗಗಳೆಲ್ಲ ಗಪ್ಪೆಂದು ನಿಂತವು. ಆ ಮೌನಕ್ಕೆ ನನ್ನ ಎದೆ ಉಬ್ಬಿತು. ಬಾಯಿ ತೆರೆಯುವಷ್ಟರಲ್ಲಿ ಒಂದು ಕೂಸು ಕಿಟಾರನೆ ಕಿರುಚಿತು. ಹಿಂದೆಯೇ ಇನ್ನೊಂದು. ಆಮೇಲೆ ಊರಿನ ಸಮಸ್ತ ಕೂಸುಗಳು! ಹುಟ್ಟಿದಾಗಿನಿಂದ ಮಗ್ಗದ ಸದ್ದನ್ನೇ ಜೋಗುಳವೆಂದು ನಿದ್ರಿಸಿದ ಕೂಸುಗಳು ಸದ್ದು ನಿಂತರೆ ಎಚ್ಚರಗೊಳ್ಳುತ್ತವೆ ಎಂಬ ಅಂಶ ನನ್ನ ಅಂಕಿ-ಅಂಶದಲ್ಲಿರಲಿಲ್ಲ. ಆ ಬೊಬ್ಬೆಯ ನಡುವೆಯೇ ಎಲ್ಲ ಬೀದಿಗಳ ಹೆಸರನ್ನೂ ಕರ್ತವ್ಯನಿಷ್ಠೆಯಿಂದ ಓದಿದೆ. ಮುನಿಯಪ್ಪ ಒಂದೊಂದಾಗಿ ವಾಲ್ವು ಬಿಟ್ಟ, ಮುಚ್ಚಿದ. ನೀರು ಬಂದು, ಚರಂಡಿ ಸೇರಿತು.

ಸ್ವಲ್ಪ ಹೊತ್ತಿಗೆ ಖಾಲಿ ಬಿಂದಿಗೆ ಹಿಡಿದು ಸಾವಿತ್ರಿ ಪಂಚಾಯ್ತಿ ಆಫೀಸಿಗೇ ನುಗ್ಗಿದಳು.

"ರೀ! ನಮ್ಮ ಬೀದಿ ನೀರು ಬಂದು ಹೋಯ್ತಂತಲ್ರೀ!"

"ಈಗ ತಾನೇ ಹೇಳಿದ್ನಲ್ಲೇ!"

"ಯಾರಿಗ್ ಕೇಳಿಸ್ತು? ಗಂಡಿನವರು ಬರೋ ಹೊತ್ತಾಯ್ತು, ಕಾಲಿಗೆ ಕೊಡೋಕೆ ಒಂದು ಚೊಂಬು ನೀರಿಲ್ಲ. ಕಾಫಿಗೆ ಏನ್ ಹಾಕ್ಲಿ? ನಿಮ್ಮ ಅಂಕಿ ಹಾಕ್ಲಾ, ಅಂಶ ಹಾಕ್ಲಾ?"

ಹೊರಗೆ ಇದ್ದಕ್ಕಿದ್ದಂತೆ ನಿಶ್ಶಬ್ದ. ಮಗ್ಗಗಳು ಇನ್ನೂ ನಿಂತೇ ಇದ್ದವು, ಅಳುತ್ತಿದ್ದ ಕೂಸುಗಳೂ ಸುಮ್ಮನಾಗಿದ್ದವು! ವಾಲ್ವು ಮುಚ್ಚಿ ಬಂದು ನಿಂತಿದ್ದ ಮುನಿಯಪ್ಪ ಮೆಲ್ಲಗೆ ಮೈಕಿನ ಕಡೆ ಬೆರಳು ತೋರಿಸಿದ. ಅದು ಆನ್ ಆಗಿಯೇ ಇತ್ತು.

ನಾನು ಕೈಯಲ್ಲಿ ಮುಚ್ಚಲು ಹೋದೆ. ಸಾವಿತ್ರಿ ನನ್ನನ್ನು ಪಕ್ಕಕ್ಕೆ ತಳ್ಳಿ ತಾನೇ ಹಿಡಿದಳು.

"ಕೇಳ್ರವ್ವಾ, ಯಾರ ಮನೇಲಾದ್ರೂ ತುಂಬಿಟ್ಟ ನೀರಿದ್ರೆ ನಮ್ಮನೆಗೊಂದೊಂದು ಬಿಂದಿಗೆ ತಂದ್ಕೊಡಿ. ನಮ್ಮ ಲಲಿತನ್ನ ನೋಡೋಕೆ ಬರ್ತಿದ್ದಾರೆ. ಇವರನ್ನ ನಂಬಿ ಕೆಟ್ಟೆ!"

ಆ ಮೈಕಿನಿಂದ ಹೊರಟ ಪ್ರಕಟಣೆಗಳಲ್ಲಿ ಇಡೀ ಊರಿಗೆ ಕೇಳಿಸಿ, ಕೂಡಲೇ ಫಲ ಕೊಟ್ಟದ್ದು ಅದೊಂದೇ. ಕಷ್ಟಕ್ಕೆಂದು ಎತ್ತಿಟ್ಟ ನೀರನ್ನೇ ಹೊತ್ತು ಹೆಂಗಸರು ಸಾಲುಗಟ್ಟಿ ಬಂದರು. ಹಂಡೆ ತುಂಬಿತು, ಕೊಳದಪ್ಪಲೆ ತುಂಬಿತು, ಕೊನೆಗೆ ನನ್ನ ಕಣ್ಣೂ ತುಂಬಿತು.

ಗಂಡಿನವರು ಬಂದು ಕಾಲು ತೊಳೆದು, ಉಪ್ಪಿಟ್ಟು ತಿಂದು, ಕಾಫಿ ಕುಡಿದರು. ಲಲಿತಳೊಂದಿಗೆ ಮಾತಾಡಿದರು. ಗಂಡಿನ ತಂದೆ ಎಲೆಯಡಿಕೆ ಮಡಿಸುತ್ತ ಹೇಳಿದರು:

"ಹುಡುಗಿ ನಮ್ಗೆ ಒಪ್ಪಿಗೆ. ತಾಯವ್ವನ ಮಾತು ಬಸ್‌ಸ್ಟ್ಯಾಂಡಲ್ಲೇ ಕೇಳಿದ್ವಿ. ಒಳ್ಳೆ ಖಡಕ್ ಮನುಷ್ಯರು. ಆದ್ರೆ ಒಂದೇ ಒಂದು ಕೋರಿಕೆ."

ಹೆಣ್ಣಿನ ಮನೆಯಲ್ಲೇ ಮದುವೆ ಮಾಡಿಕೊಡುವುದು ನಮ್ಮ ಪದ್ಧತಿ. ಅದರ ಮೇಲೆ ಇನ್ನೇನು ಬೇಡುತ್ತಾರೋ ಎಂದು ಮನಸ್ಸಿನಲ್ಲೇ ಖರ್ಚಿನ ಲೆಕ್ಕ ಹಾಕತೊಡಗಿದೆ.

"ಪದ್ಧತಿ ಮುರಿದ್ರೂ ಪರವಾಗಿಲ್ಲ, ಮದ್ವೆ ನಮ್ಮೂರಲ್ಲೇ ಆಗ್ಲಿ. ನಮ್ಮೂರಲ್ಲಿ ಮೈಕಿಲ್ಲ. ಬಾವಿ ಐತೆ."

ಪಂಚಾಯ್ತಿಯ ಮುಂದಿನ ಸುಧಾರಣೆಗಳನ್ನು ವಿವರಿಸೋಣವೆಂದು ನಾನು ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಸಾವಿತ್ರಿ, ಬಾಗಿಲ ಹಿಂದಿನಿಂದ ಲಲಿತ, ಜಗಲಿಯಿಂದ ಮುನಿಯಪ್ಪ, ಮೂವರೂ ಒಂದೇ ಉಸಿರಿನಲ್ಲಿ "ಆಗ್ಲಿ!" ಎಂದುಬಿಟ್ಟರು.

ನನ್ನ ಅಧಿಕಾರಾವಧಿಯಲ್ಲಿ ಕೂಡಲೇ ಜಾರಿಗೆ ಬಂದ ನಿರ್ಣಯ ಅದೊಂದೇ. ಅದನ್ನು ಮಂಡಿಸಿದವನು ನಾನಲ್ಲ. ಅನುಮೋದಿಸಲು ನನ್ನನ್ನು ಯಾರೂ ಕೇಳಲೂ ಇಲ್ಲ!