ಗೋಡೆ ದಾಟಿದ ಚೆಂಡು

"ಚೆಂಡಿಲ್ದೆ ಆಟ ಆಡಿಸ್ತೀಯೇನಯ್ಯ? ತಲೇಲಿ ಏನು ತುಂಬ್ಕೊಂಡಿದೀಯ, ಹೊಟ್ಟಾ?" ಡೆಲ್ಬರ್ಟ್ ರಸ್ಕ್ ಮೇಜು ಗುದ್ದಿದ.

"ನಲವತ್ತಿತ್ತು ಬಾಸ್. ಎಲ್ಲ ಊರವರ ಮನೇಲಿದೆ," ಎಂದ ವೆಂಡೆಲ್.

"ಗೋಡೆ ದಾಟಿದ ಚೆಂಡು ಹಿಡಿದವರದೇ ಅಂತ ಮೈಕಿನಲ್ಲಿ ಕೂಗಿದ್ಯಾರು?"

"ನಾನೇ. ಎಲ್ಲ ಕಡೆ ಅದೇ ಪದ್ಧತಿ ಅಲ್ವಾ?"

"ಬೇರೆ ಕಡೆ ಆಟಗಾರರಿಗೂ ಚೆಂಡು ಹಿಡಿಯೋಕೆ ಬರುತ್ತೆ ಕಣಯ್ಯ."

ರಸ್ಕ್ ನಮ್ಮೂರಿನ ಸೋಫಾ ಅಂಗಡಿಯವನು, 'ಗುಡುಗು ಹಂದಿ' ತಂಡದ ಮಾಲೀಕ; ಆಟ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಅಮೆರಿಕದ ಫುಟ್‌ಬಾಲ್. ನೆಬ್ರಾಸ್ಕದ ಚಳಿಗಾಲದಲ್ಲಿ ಹೊರಗೆ ಆಡಲಾಗದು ಎಂದು ದನದ ಪ್ರದರ್ಶನದ ಒಳಾಂಗಣದಲ್ಲಿ ಹಸಿರು ಕಂಬಳಿ ಹಾಸಿ, ಸುತ್ತ ಸೊಂಟದೆತ್ತರ ಮೆತ್ತೆಯ ಗೋಡೆ ನಿಲ್ಲಿಸಿ ಆಡಿಸುತ್ತಿದ್ದ. ಬಿದ್ದವನು ಎದ್ದರೆ ಮೈಯೆಲ್ಲ ಕೊಟ್ಟಿಗೆಯ ವಾಸನೆ. ವೆಂಡೆಲ್ ಅಂಗಿ ಒಗೆಯುವವನು, ನೀರು ಕೊಡುವವನು, ಮೈಕ್ ಹಿಡಿಯುವವನು. ಮಾಂಸದ ಕಾರ್ಖಾನೆ ಮುಚ್ಚಿದ ಮೇಲೆ ಎರಡು ವರ್ಷ ಮನೆಯಿಂದ ಹೊರಬೀಳದಿದ್ದವನು ತಂಡದ ಜಾಕೆಟ್ ತೊಟ್ಟ ದಿನದಿಂದ ಬೀದಿಯಲ್ಲಿ ತಲೆಯೆತ್ತಿ ನಡೆಯುತ್ತಿದ್ದ.

ಏಳು ಆಟ, ಏಳೂ ಸೋಲು. ಎಂಟನೆಯದೂ ಸೋತರೆ ತಂಡದ ಹೆಸರೇ ಪಂದ್ಯಾವಳಿಯ ಪಟ್ಟಿಯಿಂದ ಅಳಿಸಿಹೋಗುತ್ತಿತ್ತು. ಆ ಆಟ ಅವತ್ತೇ ಸಂಜೆ. ಹೊಸ ಚೆಂಡು ತರುತ್ತಿದ್ದ ಲಾರಿ ಹಿಮದಲ್ಲಿ ಹೂತುಕೊಂಡಿತ್ತು. ಆಟ ನಡೆಯುವ ಊರಿನ ತಂಡವೇ ಚೆಂಡು ಒದಗಿಸಬೇಕು, ಇಲ್ಲದಿದ್ದರೆ ಆಡದೆಯೇ ಸೋತಂತೆ.

"ಒಂದಾದ್ರೂ ತಾ. ಇಲ್ಲದಿದ್ರೆ ಆ ಜಾಕೆಟ್ ಬಿಚ್ಚಿಟ್ಟು ಹೋಗು."

ಇಷ್ಟು ಹೇಳಿ ಸುಮ್ಮನಿರಬೇಕಿತ್ತು. ವೆಂಡೆಲ್ ಚೆಂಡು ಕೇಳಲು ಬರುತ್ತಾನೆಂದು ರಸ್ಕ್ ಊರಿನ ರೇಡಿಯೋದಲ್ಲೂ ಹೇಳಿಸಿಬಿಟ್ಟ. ಊರೆಲ್ಲ ಚೆಂಡು ಬಚ್ಚಿಟ್ಟಿತು.

ಪಾದ್ರಿ ತಮಗೆ ಸಿಕ್ಕಿದ್ದ ಚೆಂಡನ್ನು ಚರ್ಚಿನ ಬಾಗಿಲಿಗೆ ಅಡ್ಡ ಇಟ್ಟುಕೊಂಡಿದ್ದರು. "ಇದನ್ನ ತೆಗೆದ್ರೆ ಬಾಗಿಲು ಮುಚ್ಚಿಕೊಳ್ಳುತ್ತೆ ವೆಂಡೆಲ್. ದೇವರ ಬಾಗಿಲು ಮುಚ್ಚಿಸ್ತೀಯಾ?" ಕ್ಷೌರದಂಗಡಿಯ ಗಸ್ ಚೆಂಡು ಇಟ್ಟಿರುತ್ತಿದ್ದ ಕಿಟಕಿ ಖಾಲಿಯಾಗಿತ್ತು. "ನಂದು ಬೆಳಗ್ಗೆಯೇ ಹೋಯ್ತಪ್ಪ, ಎರಡು ಸೇಬಿನ ಪೈಗೆ. ಯಾರಿಗೆ ಅಂತ ಕೇಳ್ಬೇಡ," ಎಂದು ಬಾಯಿಗಂಟಿದ್ದ ಸಿಹಿ ಒರೆಸಿಕೊಂಡ. ಮೂರನೆಯ ಮನೆಯವರು ನಾಯಿ ಬಿಟ್ಟರು.

ಮಧ್ಯಾಹ್ನದ ಹೊತ್ತಿಗೆ ನೆನೆದ ಕೋಳಿಯಂತಾಗಿ ವೆಂಡೆಲ್ ಓಪಲ್ ವೆಸಲಿಯ ಬಾಗಿಲು ತಟ್ಟಿದ. ಮೂರನೆಯ ತರಗತಿಯಲ್ಲಿ ಅವನಿಗೆ ಪಾಠ ಹೇಳಿದ್ದ ಮುದುಕಿ. ಅವಳ ಚೆಂಡಿನ ಕತೆ ಊರಿಗೇ ಗೊತ್ತು: ಗಂಡ ಲೆನರ್ಡ್ ತೀರಿಕೊಂಡ ಮೇಲೆ ಒಬ್ಬಳೇ ಆಟಕ್ಕೆ ಬಂದಿದ್ದಾಗ ನೇರ ಮಡಿಲಿಗೆ ಬಿದ್ದದ್ದು. ಅದನ್ನು ಊಟದ ಮೇಜಿನ ಬಳಿ ಗಂಡನ ಕುರ್ಚಿಯ ಮೇಲೆ ಕೂರಿಸಿಕೊಂಡಿದ್ದಳು.

"ಮಿಸೆಸ್ ವೆಸಲಿ, ಹೇಗೆ ಕೇಳಬೇಕೋ ಗೊತ್ತಾಗ್ತಿಲ್ಲ."

"ರೇಡಿಯೋ ಕೇಳಿದೆ ಮಗಾ. ತಗೋ." ದಿಂಬಿನ ಚೀಲದಲ್ಲಿ ಸುತ್ತಿಟ್ಟ ಚೆಂಡನ್ನು ಬಾಗಿಲಲ್ಲೇ ಕೈಗಿತ್ತಳು.

ವೆಂಡೆಲ್ ಅದನ್ನು ಜಾಕೆಟ್ಟಿನೊಳಗೆ ಸೇರಿಸಿಕೊಂಡ. "ಗೋಡೆ ದಾಟೋಕೆ ಬಿಡಲ್ಲ. ನನ್ನ ಕೈಯಾರೆ ವಾಪಸ್ ತಂದುಕೊಡ್ತೀನಿ."

ಅವಳೇನೋ ಹೇಳಹೊರಟಳು. ಅವನು ಆಗಲೇ ಮೆಟ್ಟಿಲಿಳಿದಿದ್ದ.

ಸಂಜೆ ಒಳಾಂಗಣ ತುಂಬಿತು. ಓಪಲ್‌ಳ ಚೆಂಡಿಗೆ ಏನಾಗುತ್ತದೋ ನೋಡಲು ಊರೇ ಬಂದಿತ್ತು. ಎದುರು ತಂಡದ ಜೊತೆಗೂ ಒಂದು ಬಸ್ ಜನ. ಅವರಲ್ಲೊಬ್ಬ ಗಡ್ಡದವನು ಮುಂದಿನ ಸಾಲಿನಲ್ಲಿ ಮೀನಿನ ಬಲೆ ಹಿಡಿದು ಕುಳಿತಿದ್ದ.

"ಅದು ವಿಧವೆಯ ಚೆಂಡು ಕಣಣ್ಣ," ಎಂದ ವೆಂಡೆಲ್.

"ಗೋಡೆ ದಾಟೋವರೆಗೆ," ಎಂದ ಗಡ್ಡದವನು.

ವೆಂಡೆಲ್ ಆಟವಿಡೀ ಗೋಡೆಯುದ್ದಕ್ಕೂ ಓಡಿದ. ವಿಚಿತ್ರವೆಂದರೆ, ಚೆಂಡು ಕಳೆದುಹೋದೀತೆಂಬ ಹೆದರಿಕೆಯಲ್ಲಿ ನಮ್ಮ ಹುಡುಗರು ಅದನ್ನು ಎಳೆಗೂಸಿನಂತೆ ಹಿಡಿದು ಆಡಿದರು. ಕೊನೆಯ ಕ್ಷಣಕ್ಕೆ ಬರೀ ನಾಲ್ಕು ಅಂಕ ಹಿಂದೆ. ಒಂದೇ ಎಸೆತ ಉಳಿದಿತ್ತು; ಎದುರಾಳಿಯ ತುದಿಯಲ್ಲಿ ಅದನ್ನು ಹಿಡಿದರೆ ಆರು ಅಂಕ, ಗೆಲುವು.

ಚೆಂಡು ಮೂಲೆಗೆ ಹಾರಿತು. ನಮ್ಮ ಉದ್ದನೆಯ ಹುಡುಗ ಕೈಚಾಚಿ ನೆಗೆದ. ಗೋಡೆಯಾಚೆ ಬಲೆಯೂ ಎದ್ದಿತು. ವೆಂಡೆಲ್‌ಗೆ ಬಲೆ ಮಾತ್ರ ಕಂಡಿತು. ಗೋಡೆಗೆ ಹಾರಿ, ಅರ್ಧ ಮೈ ಆಚೆ ಚಾಚಿ, ಚೆಂಡನ್ನು ಎದೆಗೆ ಅವುಚಿಕೊಂಡು ಗಡ್ಡದವನ ಮಡಿಲಿಗೆ ಬಿದ್ದ.

ಸೀಟಿ ಕೂಗಿತು. ನಮ್ಮ ತಂಡದ ಆಳೇ ಅಡ್ಡ ಬಂದಿದ್ದರಿಂದ ಅಂಕವಿಲ್ಲ. ಆಟ ಮುಗಿದಿತ್ತು. ತಂಡವೂ.

ವೆಂಡೆಲ್ ಯಾರ ಮುಖವನ್ನೂ ನೋಡದೆ ಮೆಟ್ಟಿಲು ಹತ್ತಿ, ಮೇಲಿನ ಸಾಲಿನಲ್ಲಿ ಕುಳಿತಿದ್ದ ಓಪಲ್‌ಳ ಮುಂದೆ ಚೆಂಡನ್ನು ಹಿಡಿದ. "ತಂದಿದೀನಿ ಮಿಸೆಸ್ ವೆಸಲಿ."

ಅವಳು ತಲೆ ತಗ್ಗಿಸಿದಳು. "ನಂದು ಕುರ್ಚಿ ಮೇಲೇ ಇದೆ ಮಗಾ. ಕೊಡೋಕೆ ಮನಸ್ಸು ಬರಲಿಲ್ಲ. ಇದು ಗಸ್‌ದು. ಎರಡು ಸೇಬಿನ ಪೈ ಮಾಡಿಕೊಟ್ಟು ತಂದೆ."

ವೆಂಡೆಲ್ ಚೆಂಡನ್ನು ತಿರುಗಿಸಿ ನೋಡಿದ. ಅವಳು ಅದನ್ನು ಅವನ ಕಂಕುಳಿಗೆ ತುರುಕಿದಳು. "ಊರಲ್ಲಿ ಒಂದೂ ಸಿಗದವನು ನೀನೊಬ್ಬನೇ. ಯಾವಾಗಲೂ ಗೋಡೆಯ ಒಳಗಿದ್ದೆಯಲ್ಲ."

ಕೆಳಗಿನಿಂದ ರಸ್ಕ್ ಅರಚಿದ: "ಲೇ, ಆ ಚೆಂಡು ಇಟ್ಟು ಹೋಗು, ಅದು ತಂಡದ್ದು."

"ಗೋಡೆ ದಾಟಿತ್ತು, ಬಾಸ್."

ಜಾಕೆಟ್ ಬಿಚ್ಚಿ ಕಂಬಿಯ ಮೇಲೆ ಹಾಕಿ, ಚೆಂಡು ಹಿಡಿದು ಬರೀ ಅಂಗಿಯಲ್ಲೇ ಹಿಮದೊಳಗೆ ಹೊರಟ. ದನದ ಪ್ರದರ್ಶನಕ್ಕೆ ಜಾಗ ಬಿಡಿಸಬೇಕು, ಸೋಮವಾರ ಹಸಿರು ಕಂಬಳಿ ಸುತ್ತುವ ಕೆಲಸವಿದೆ ಎಂದು ರಸ್ಕ್ ಹೇಳಿ ಕಳಿಸಿದ. ದನ ಬಂದವು, ವೆಂಡೆಲ್ ಬರಲಿಲ್ಲ.