ಒಬ್ಬಳೇ ಬರೆದ ಪಬ್ಲಿಕ್ ಪರೀಕ್ಷೆ

ಸರ್ಕಾರಿ ಶಾಲೆಯ ಮೇಷ್ಟ್ರಾದವನಿಗೆ ಇಂಥವು ನಡೆಯುತ್ತಲೇ ಇರುತ್ತವೆ. ನಾನು ಈವರೆಗೆ ಬರೆದದ್ದೆಲ್ಲ ಇಲಾಖೆಗೆ ವರದಿಗಳು ಮಾತ್ರ. ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮುತ್ತಿನಕೊಪ್ಪದ ಹತ್ತಿರದ ನಮ್ಮ ಶಾಲೆಯಲ್ಲಿ ಐದನೇ ತರಗತಿಗೆ ಆ ವರ್ಷ ಒಬ್ಬಳೇ ಹುಡುಗಿ. ಒಬ್ಬಳೇ ಎಂದರೆ, ಅವಳು ಪಾಸಾದರೆ ಶಾಲೆಯ ಫಲಿತಾಂಶ ನೂರಕ್ಕೆ ನೂರು, ಫೇಲಾದರೆ ಸೊನ್ನೆ. ನಡುವೆ ಏನೂ ಇಲ್ಲ. ಅದೇ ವರ್ಷ ಐದನೇ ತರಗತಿಗೂ ಪಬ್ಲಿಕ್ ಪರೀಕ್ಷೆ ಬಂತು. ಫೇಲಾದವರು ಅದೇ ತರಗತಿಯಲ್ಲಿ ಇನ್ನೊಂದು ವರ್ಷ ಕೂರಬೇಕೆಂದೂ ಆದೇಶ ಬಂತು. ನಮ್ಮಲ್ಲಿ ಐದರವರೆಗೆ ಮಾತ್ರ; ಅವಳಿಗೋ ಬಸ್ಸು ಹತ್ತಿ ಎನ್.ಆರ್.ಪುರದ ಶಾಲೆಗೆ ಆರನೇ ತರಗತಿಗೆ ಹೋಗುವ ಆಸೆ. ಇಲ್ಲೇ ಕೂತರೆ ಮತ್ತೊಂದು ವರ್ಷ ಒಂಟಿ.

೧. ಇದೆ, ಇಲ್ಲ

ದೆಹಲಿಯವರು ಪರೀಕ್ಷೆ ಬೇಕು ಎಂದರು. ಬೆಂಗಳೂರಿನವರು ನಿಮ್ಮದು ಬೇಡ, ನಮ್ಮದೇ ಮಾಡುತ್ತೇವೆ ಎಂದರು. ಎರಡು ಕಡೆಯೂ ಬೇರೆ ಬೇರೆ ಪಕ್ಷ ಎಂದು ಹೇಳಬೇಕಾಗಿಲ್ಲ, ಆದರೂ ಹೇಳಿದ್ದೇನೆ. ಯಾರೋ ಕೋರ್ಟಿಗೂ ಹೋದರು. ಹುಡುಗಿಯ ಅಪ್ಪ ಸ್ಕೂಟರಿನಲ್ಲಿ ಮೀನು ಮಾರುವವರು. ದಿನಾ ಗೇಟಿನ ಹತ್ತಿರ ನಿಲ್ಲಿಸಿ ಕೇಳುತ್ತಿದ್ದರು.

"ಮೇಷ್ಟ್ರೇ, ಪರೀಕ್ಷೆ ಇದ್ಯಾ?"

"ನಿನ್ನೆ ಇತ್ತು. ಇವತ್ತು ಕೋರ್ಟಿನಿಂದ ತಡೆ ಬಂದಿದೆ."

"ಹಾಗಾದ್ರೆ ಮಗಳು ಓದೋದಾ, ಬೇಡ್ವಾ?"

"ಓದಲಿ. ಸಂಜೆಯೊಳಗೆ ತಡೆ ತೆಗೆದ್ರೂ ತೆಗೀಬಹುದು."

"ಎಂತ ಮಾರಾಯ್ರೆ! ಮೀನಿಗಾದ್ರೆ ಐಸ್ ಹಾಕಿ ಇಡ್ತೇನೆ. ಅವಳು ಕಲ್ತ ಮಗ್ಗಿಗೆ ಎಂತ ಹಾಕ್ಲಿ?"

೨. ನಕಲು ತಡೆ

ಕೊನೆಗೂ ಪರೀಕ್ಷೆ ನಡೆಯಿತು. ನಿಯಮದಂತೆ ಕೊಠಡಿಗೆ ಕಾವಲು ಬೇರೆ ಶಾಲೆಯವರೇ ಇರಬೇಕು. ಕೊಪ್ಪದ ಕಡೆಯಿಂದ ಒಬ್ಬ ಮೇಷ್ಟ್ರು ಬಂದರು. ಒಬ್ಬರ ಪಕ್ಕ ಒಬ್ಬರು ಕೂರದಂತೆ ನಕ್ಷೆ ಬರೆದು ಬಾಗಿಲಿಗೆ ಅಂಟಿಸಿ ಎಂದರು. ಒಂದೇ ಒಂದು ಚೌಕ ಬರೆದು ಅಂಟಿಸಿದೆ. ಹುಡುಗಿ ಅದನ್ನು ಎರಡು ಸಲ ಓದಿ, ಬೆಂಚಿನ ಮೇಲಿನ ಸಂಖ್ಯೆಗೆ ಹೋಲಿಸಿ ಕೂತಳು.

ಕಾವಲಿನ ಮೇಷ್ಟ್ರಿಗೆ ನೋಡಲು ಬೇರೆ ಯಾರೂ ಇಲ್ಲ. ಅವಳನ್ನೇ ನೋಡುತ್ತಾ ನಿಂತರು. ಅರ್ಧ ಗಂಟೆಯಾದರೂ ಪೆನ್ನು ಅಲುಗಲಿಲ್ಲ. ಕಡೆಗೆ ಅವಳೇ ಕೈ ಎತ್ತಿದಳು.

"ಸಾರ್, ನೀವು ಸ್ವಲ್ಪ ಆಚೆ ತಿರುಗ್ತೀರಾ? ಕಾಪಿ ಹೊಡಿಯೋಕಲ್ಲ. ನೀವು ನೋಡಿದ್ರೆ ಏಳರ ಮಗ್ಗಿ ಓಡಿಹೋಗ್ತದೆ."

ಪಾಪ, ತಿರುಗಿದರು. ಪರೀಕ್ಷೆ ಮುಗಿಯುವವರೆಗೆ ಗೋಡೆಗೆ ಕಾವಲು ನಿಂತರು.

೩. ರಾಜಧಾನಿ

ಉತ್ತರ ಪತ್ರಿಕೆ ತಿದ್ದುವವರೂ ಬೇರೆ ಶಾಲೆಯವರೇ. ಶೃಂಗೇರಿ ಕಡೆಯ ಟೀಚರೊಬ್ಬರು ಫೋನ್ ಮಾಡಿದರು. ಫೋನ್ ಮಾಡಬಾರದು, ಅದು ನಿಯಮಕ್ಕೆ ವಿರುದ್ಧ. ಆದರೂ ಮಾಡಿದರು.

"ದೆಹಲಿಯಲ್ಲಿ ಏನು ಕೆಲಸ ನಡೆಯುತ್ತದೆ ಅಂತ ಒಂದು ಪ್ರಶ್ನೆ. ನಿಮ್ಮ ಹುಡುಗಿ ಎಂತ ಬರ್ದಿದ್ದಾಳೆ ಗೊತ್ತಾ?"

"ಎಂತ?"

"'ಐದನೇ ಕ್ಲಾಸಿಗೆ ಪರೀಕ್ಷೆ ಇದೆಯೋ ಇಲ್ಲವೋ ಎಂದು ಜಗಳ ನಡೆಯುತ್ತದೆ.'"

"ತಪ್ಪು ಹಾಕಿದ್ರಾ?"

"ಹೇಗೆ ಹಾಕ್ಲಿ ಮಾರಾಯ್ರೆ? ದಿನಾ ಪೇಪರ್ ಓದೋದಿಲ್ವಾ ನಾನು?"

೪. ಹೇಳಬಾರದ ಫಲಿತಾಂಶ

ಅಂಕಪಟ್ಟಿ ನನ್ನ ಕೈಗೆ ಬಂದ ದಿನವೇ ಹೊಸ ಆದೇಶವೂ ಬಂತು. ಮತ್ತೆ ತಡೆ, ಫಲಿತಾಂಶ ಯಾರಿಗೂ ಹೇಳಕೂಡದು. ಹೇಳಿದರೆ ನನ್ನ ಮೇಲೆ ಕ್ರಮ. ಅಂಕಪಟ್ಟಿಯನ್ನು ಬೀರುವಿನಲ್ಲಿಟ್ಟು ಕೀಲಿಯನ್ನು ಅಂಗಿಯ ಜೇಬಿಗೆ ಹಾಕಿಕೊಂಡೆ. ಅಪ್ಪ ಮಗಳು ಇಬ್ಬರೂ ಬಂದರು. ಹುಡುಗಿ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಕಿಟಕಿ ನೋಡಿದೆ.

"ಪಾಸಾ, ಫೇಲಾ?" ಎಂದರು ಅಪ್ಪ.

"ಹೇಳೋ ಹಾಗಿಲ್ಲ. ನನ್ನ ಕೆಲಸ ಹೋಗ್ತದೆ."

"ಆಯ್ತು, ಬೇಡ. ನಾಲ್ಕನೇ ಕ್ಲಾಸಲ್ಲಿ ಈ ವರ್ಷ ಮಕ್ಕಳೇ ಇರ್ಲಿಲ್ಲ ಅಲ್ವಾ?"

"ಇರ್ಲಿಲ್ಲ."

"ಹಾಗಾದ್ರೆ ಬರೋ ವರ್ಷ ನಿಮ್ಮ ಐದನೇ ಕ್ಲಾಸಲ್ಲಿ ಎಷ್ಟು ಮಕ್ಕಳು? ಇದನ್ನಾದ್ರೂ ಹೇಳ್ಬಹುದಾ?"

ಆದೇಶವನ್ನು ಮತ್ತೊಮ್ಮೆ ಓದಿದೆ. ಮಕ್ಕಳ ಸಂಖ್ಯೆ ಹೇಳಬಾರದೆಂದು ಎಲ್ಲೂ ಇರಲಿಲ್ಲ.

"ಯಾರೂ ಇಲ್ಲ," ಎಂದೆ.

ಹುಡುಗಿ ಆಗಲೇ ಗೇಟು ದಾಟಿದ್ದಳು. "ಅಪ್ಪಾ, ಬೇಗ ಬಾ! ಮೇಷ್ಟ್ರು ಮತ್ತೆ ಎಣಿಸ್ತಾರೆ!"